ಅಪ್ಪಯ್ಯನ ಶೆಡ್ಡಲ್ಲಿ ಉಳಿದಿದ್ದ ಸಾಮಾನು ವಾಪಸ್ ಕೊಡೋಕೆ ಹೋದ ನಾಲ್ಕು ದಿನ

ಅಪ್ಪಯ್ಯ ಹೋಗಿ ಈ ಮೇ ತಿಂಗಳಿಗೆ ಒಂದು ವರ್ಷ ಆಯ್ತು. ವರ್ಷಾಂತಿಕ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಮ್ಮ ಹಿತ್ತಲ ಶೆಡ್ಡಿನ ಬೀಗದ ಕೈ ತಂದು ನನ್ನ ಕೈಲಿಟ್ಟು "ತೆಗಿ ಮಗಾ" ಅಂದ್ಲು. ಒಂದು ವರ್ಷದಿಂದ ಯಾರೂ ಒಳಗೆ ಹೋಗಿರ್ಲಿಲ್ಲ. ಬಾಗಿಲು ತೆಗೆದ ತಕ್ಷಣ ಆ ವಾಸನೆ ಬಂತು ನೋಡಿ, ವಾರ್ನಿಷು, ಸುಟ್ಟ ಕಾಯಿಲು, ಗ್ರೀಸು, ಅಪ್ಪಯ್ಯನ ಖಾಕಿ ಶರ್ಟಿಂದ ಬರ್ತಿದ್ದ ವಾಸನೆ ಅದೇ. ಸ್ವಲ್ಪ ಹೊತ್ತು ಹೊಸ್ತಿಲ ಮೇಲೇ ಕೂತುಬಿಟ್ಟೆ.

ಅಪ್ಪಯ್ಯ ಶಿವಮೊಗ್ಗದಲ್ಲಿ ಮೋಟ್ರು ವೈಂಡಿಂಗ್, ಅಂದ್ರೆ ಸುಟ್ಟ ಮೋಟ್ರಿಗೆ ಹೊಸ ತಂತಿ ಸುತ್ತೋ ಕೆಲ್ಸ, ಮಾಡ್ತಿದ್ರು. ಬರೀ ವೈಂಡಿಂಗ್ ಅಂದ್ರೆ ಸುಳ್ಳಾಗುತ್ತೆ. ಮನೆ ವೈರಿಂಗು, ಬಾವಿ ಪಂಪು, ಗೋಬರ್ ಗ್ಯಾಸ್ ಡ್ರಮ್ಮಿಗೆ ತೇಪೆ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸೋದು, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಕೆಟ್ಟಿದ್ದು ಯಾವುದೇ ಇರ್ಲಿ ಮುಟ್ಟಿ ನೋಡೋರು. ಬೆಳಗ್ಗೆ ನಾಲ್ಕೂವರೆಗೆ ಎದ್ದು ಎಂ-80 ಗಾಡಿಗೆ ಸಾಮಾನು ಪೆಟ್ಟಿಗೆ ಕಟ್ಟಿ ಹೊರಟ್ರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿ ಹಳ್ಳಿ ಸುತ್ತಿ ಎಷ್ಟೊತ್ತಿಗೆ ಬರ್ತಾರೆ ಅಂತ ಹೇಳೋಕಾಗ್ತಿರ್ಲಿಲ್ಲ. ಊರಲ್ಲಿರೋ ದಿನ ಬಿ.ಎಚ್. ರೋಡ್ ಹಿಂದಿನ ಒಂದು ವೈಂಡಿಂಗ್ ಅಂಗಡೀಲಿ ರಾತ್ರಿ ಹನ್ನೊಂದರವರೆಗೆ ಕೆಲ್ಸ. ನಾವು ಮೂರು ಜನ ಮಕ್ಕಳು, ಇಬ್ರು ಅಕ್ಕಂದಿರ ಮದುವೆ, ನನ್ನ ಇಂಜಿನಿಯರಿಂಗು, ಮನೆ ಕಟ್ಟಿದ್ದು, ಎಲ್ಲ ಆ ಎರಡು ಕೈಯಿಂದ ಆಗಿದ್ದು.

ಶೆಡ್ಡಿನ ಗೂಡಲ್ಲಿ ಮೂರು ಸಾಮಾನಿತ್ತು. ಒಂದೊಂದಕ್ಕೂ ತಾಮ್ರದ ತಂತಿಯಲ್ಲಿ ಚೀಟಿ ಕಟ್ಟಿದ್ರು, ಬಡಗಿ ಪೆನ್ಸಿಲ್ಲಿನ ದಪ್ಪ ಅಕ್ಷರ. ಶ್ಯಾವಿಗೆ ಒರಳಿಗೆ "ಮಂಡಗದ್ದೆ ದೊಡ್ಡಮ್ಮ, ಆಗಿದೆ". ತೋಟಕ್ಕೆ ಔಷಧಿ ಹೊಡೆಯೋ ಕೈ ಪಂಪಿಗೆ, ನಮ್ಮಲ್ಲಿ ಗಟಾರ್ ಅಂತಾರಲ್ಲ ಅದಕ್ಕೆ, "ಆಗುಂಬೆ ಭಟ್ರು, ಬಕೆಟ್ ವಾಷರ್ ಹಾಕಿದೆ, 240 ಬರಬೇಕು". ಒಂದು ಹಳೇ ರೇಡಿಯೋಗೆ "ಹೊಸನಗರ ಮೇಷ್ಟ್ರು, ಆಗಿಲ್ಲ".

"ಜನರ ಸಾಮಾನು ನಮ್ಮನೇಲಿ ಉಳೀಬಾರ್ದು, ಕೊಟ್ಟು ಬರೋಣ" ಅಂದ್ಲು ಅಮ್ಮ. ದೊಡ್ಡಕ್ಕ ಬಸ್ಸಿಗೆ ಹಾಕಿ ಕಳ್ಸಿ ಸಾಕು ಅಂದ್ಲು, ಅಮ್ಮ ಕೇಳ್ಲಿಲ್ಲ. ನಂಗೆ ಬೆಂಗಳೂರಿಗೆ ವಾಪಸ್ ಹೋಗೋಕೆ ಇನ್ನೂ ಐದು ದಿನ ರಜೆ ಇತ್ತು. ಅಪ್ಪಯ್ಯನ ಹಳೇ ಓಮ್ನಿಗೆ ಬ್ಯಾಟರಿ ಹಾಕ್ಸಿದೆ, ಹೊರಟ್ವಿ. ಹೊರಡೋ ಮುಂಚೆ ಅಮ್ಮ ಅಡುಗೆಮನೆ ನಲ್ಲಿ ಕೆಳಗೆ ದೊಡ್ಡ ಪಾತ್ರೆ ಇಟ್ಲು. ಅಪ್ಪಯ್ಯ ಹೋದ ವಾರದಿಂದ ಆ ನಲ್ಲಿ ತೊಟ್ಟಿಕ್ತಿದೆ, ಪ್ಲಂಬರ್ ಕರೆಸ್ತೀನಿ ಅಂದ್ರೆ ಬೇಡ ಅಂತಾಳೆ, ನಾನೂ ಒತ್ತಾಯ ಮಾಡಿರ್ಲಿಲ್ಲ.

ಮೊದಲ್ನೇ ದಿನ, ಮಂಡಗದ್ದೆ

ತೀರ್ಥಹಳ್ಳಿ ರೋಡು. ಗಾಜನೂರು ಡ್ಯಾಮ್ ದಾಟಿ ಸಕ್ರೆಬೈಲಲ್ಲಿ ಆನೆ ಸ್ನಾನ ನಡೀತಿತ್ತು. ಅಮ್ಮ ಈ ರೋಡಲ್ಲಿ ಎಷ್ಟೋ ಸಲ ಎಂ-80 ಹಿಂದೆ ಕೂತು ಸಾಮಾನು ಪೆಟ್ಟಿಗೆ ತೊಡೆ ಮೇಲಿಟ್ಕೊಂಡು ಹೋಗಿದಾಳಂತೆ, ಒಂದು ಸಲಾನೂ ಇಲ್ಲಿ ಇಳಿದಿಲ್ಲವಂತೆ. "ಸಂಜೆ ಆನೆ ಕಾಡಿಗೆ ಹೋಗಿರ್ತಿತ್ತು, ಬೆಳಗ್ಗೆ ನಿಮ್ಮಪ್ಪಯ್ಯಂಗೆ ಅವಸರ" ಅಂದ್ಲು. ಇಳಿಸ್ದೆ. ಒಂದು ಮರಿ ಆನೆ ನೀರಲ್ಲಿ ಅಡ್ಡಬಿದ್ದು ಏಳೋಕೇ ಒಪ್ತಿರ್ಲಿಲ್ಲ, ಮಾವುತ ಬೈದು ಬೈದು ಸುಸ್ತಾಗಿದ್ದ, ಅಮ್ಮ ಅರ್ಧ ಗಂಟೆ ನಿಂತು ನೋಡಿದ್ಲು.

ಮಂಡಗದ್ದೆ ಪಕ್ಷಿಧಾಮ ಈ ಕಾಲಕ್ಕೆ ಖಾಲಿ, ಹಕ್ಕಿ ಬರೋದು ಮಳೆ ಶುರುವಾದ ಮೇಲೆ. ಅಲ್ಲಿಂದ ಒಳಗೆ ಮಣ್ಣು ರೋಡಲ್ಲಿ ದೊಡ್ಡಮ್ಮನ ಮನೆ. ನಮಗೆ ರಕ್ತಸಂಬಂಧ ಇಲ್ಲ, ಅಪ್ಪಯ್ಯ ಹಾಗೆ ಕರೀತಿದ್ರು ಅಷ್ಟೆ. ಎಂಬತ್ತು ದಾಟಿರೋ ಹೆಂಗಸು, ಓಮ್ನಿ ಅಂಗಳಕ್ಕೆ ಬಂದಿದ್ದು ನೋಡಿ ಸೆರಗು ಸರಿ ಮಾಡ್ಕೊಂಡು ಓಡಿ ಬಂದ್ರು, ನಾನು ಇಳಿದಿದ್ದು ನೋಡಿ ಅಲ್ಲೇ ನಿಂತ್ರು. ಆಮೇಲೆ ಅಮ್ಮನ್ನ ತಬ್ಕೊಂಡು ಅತ್ತಿದ್ದು ನಾನು ಬರೆಯಲ್ಲ.

ಶ್ಯಾವಿಗೆ ಒರಳು ಅವರ ಅತ್ತೆ ಕಾಲದ್ದು, ಮೂರು ಕಾಲಿಂದು, ಮೇಲೆ ಹಿಡಿ ತಿರುಗಿಸಿದ್ರೆ ತಿರುಪು ಕೆಳಗಿಳಿದು ಹಿಟ್ಟು ಒತ್ತುತ್ತೆ. ತಿರುಪಿನ ಸುತ್ತುಗೆರೆ, ಮರೆ ಅಂತಾರಲ್ಲ ಅದು, ಸವೆದು ತಿರುಪು ಜಾರ್ತಿತ್ತಂತೆ. ಅಪ್ಪಯ್ಯ ಲೇತಲ್ಲಿ ಹಿತ್ತಾಳೆ ಬುಷ್ ಕಡೆಸಿ ಕೂರಿಸಿದ್ರು, ಅದರ ಅಂಚನ್ನ ಅರದಲ್ಲಿ ಎಷ್ಟು ನಯ ಮಾಡಿದ್ರು ಅಂದ್ರೆ ಬೆರಳಾಡಿಸಿದ್ರೆ ಹಳೇ ಕಬ್ಬಿಣ ಎಲ್ಲಿ ಮುಗೀತು ಹೊಸ ಹಿತ್ತಾಳೆ ಎಲ್ಲಿ ಶುರುವಾಯ್ತು ಅಂತ ಗೊತ್ತಾಗ್ತಿರ್ಲಿಲ್ಲ. ದೊಡ್ಡಮ್ಮ ಕೂಡ್ಲೆ ಸೊಸೆಗೆ ಹೇಳಿ ಅಕ್ಕಿ ರುಬ್ಬಿಸಿದ್ರು. ಹಿಟ್ಟು ಬೇಯಿಸಿ ಉಂಡೆ ಮಾಡಿ ಬಿಸಿಬಿಸಿ ಇರೋವಾಗ್ಲೇ ಒತ್ತಬೇಕು, ಆರಿದ್ರೆ ಗಟ್ಟಿಯಾಗಿ ಇಳಿಯಲ್ಲ. ಹಿಡಿ ತಿರುಗಿಸಿದ್ದು ನಾನು. ಸದ್ದೇ ಇಲ್ದೆ ಇಳೀತು, ಬಿಳೀ ಎಳೆ ಒಂದೂ ತುಂಡಾಗ್ಲಿಲ್ಲ. ಕಾಯಿಹಾಲು ಬೆಲ್ಲ ಹಾಕ್ಕೊಂಡು ತಿಂದ್ವಿ.

ತಿಂತಾ ದೊಡ್ಡಮ್ಮ ಹೇಳಿದ್ರು, ಮಗಳ ಮದುವೆಗೆ ಮೂರು ದಿನ ಇದ್ದಾಗ ಗಾಳಿಗೆ ಹಲಸಿನ ಕೊಂಬೆ ಬಿದ್ದು ಮಾಡು ಮುರೀತಂತೆ, ಮಳೆ ಬೇರೆ. ಅಪ್ಪಯ್ಯ ಮೋಟ್ರು ನೋಡೋಕೆ ಬಂದವರು ಎರಡು ರಾತ್ರಿ ಅಲ್ಲೇ ಉಳಿದು ರೀಪು ಬದಲಿಸಿ ಹೆಂಚು ಹೊದಿಸಿಕೊಟ್ಟು ಹೋದ್ರಂತೆ. ದುಡ್ಡು ಕೊಟ್ರೆ ಮದುವೆ ಮನೆ ಖರ್ಚಿದೆ ಇಟ್ಕೊಳ್ಳಿ ಅಂದ್ರಂತೆ.

ಆ ಎರಡು ರಾತ್ರಿ ನಂಗೆ ನೆನಪಿದೆ. ನಾನಾಗ ಆರನೇ ಕ್ಲಾಸು, ನಮ್ಮನೇಲಿ ಫೋನಿರ್ಲಿಲ್ಲ, ಅಮ್ಮ ಬಾಗಿಲಲ್ಲಿ ಕೂತಿದ್ಲು. ಅಪ್ಪಯ್ಯ ಬಂದಾಗ ಎಂ-80 ತುಂಬಾ ಅಪ್ಪೆಮಿಡಿ ಇತ್ತು. ಊರೋರಿಗೆಲ್ಲ ಮಾಡ್ತೀರಾ ನಮ್ಮನೆ ಕೇಳೋರಿಲ್ಲ ಅಂತ ನಾನು ಎರಡು ದಿನ ಮಾತು ಬಿಟ್ಟಿದ್ದೆ. ಆದ್ರೆ ನನ್ನ ಸ್ಕೂಲ್ ಫೀಸು ಒಂದು ಸಲಾನೂ ತಡ ಆಗ್ಲಿಲ್ಲ, ಅದೂ ಅಷ್ಟೇ ನಿಜ.

ಎರಡನೇ ದಿನ, ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ

ರಾತ್ರಿ ಮಂಡಗದ್ದೆಯಲ್ಲೇ ಉಳಿದ್ವಿ. ಬೆಳಗ್ಗೆ ತೀರ್ಥಹಳ್ಳಿಯಲ್ಲಿ ತುಂಗೆಗೆ ಕಾಲಿಟ್ಟು ಬಂದು ಕಾಫಿ ಕುಡಿದು ಹೊರಟ್ವಿ. ಕುಪ್ಪಳಿಗೆ ಹೋಗೋಣ್ವಾ ಅಂದೆ, ಅಮ್ಮ ಇಲ್ಲ ಮೊದ್ಲು ಗಟಾರ್ ಮುಟ್ಟಿಸೋಣ ಅಂದ್ಲು. ಮಳೆ ಹಿಡಿಯೋ ಮುಂಚೆ ಅಡಿಕೆಗೆ ಔಷಧಿ ಹೊಡೀದಿದ್ರೆ ಕೊಳೆ ರೋಗ ಬಂದು ಫಸಲು ಹೋಗುತ್ತೆ ಅನ್ನೋದು ಅವಳಿಗೆ ಗೊತ್ತು.

ಭಟ್ರ ಮನೆ ಆಗುಂಬೆಗೆ ಮುಂಚೆ ಬಲಕ್ಕೆ ತಿರುಗಿ ತುಂಬಾ ಒಳಗೆ. ಹೋದ ವರ್ಷ ಪಕ್ಕದ ಮನೆ ಪಂಪಲ್ಲಿ ಕೆಲ್ಸ ನಡೆಸಿದ್ರಂತೆ. "ಇಂಥಾ ಹೊತ್ತಲ್ಲಿ ಪಂಪು ಕೊಡಿ ಅಂತ ಹೆಂಗೆ ಕೇಳೋದು ಮಾರಾಯ" ಅಂದ್ರು. ಚೀಟಿ ನೋಡಿ 240 ರೂಪಾಯಿ ತಂದು ಅಮ್ಮನ ಕೈಗೇ ಕೊಟ್ರು, ಅಮ್ಮ ಎಣಿಸಿ ತಗೊಂಡ್ಲು. ಅಪ್ಪಯ್ಯ ಬರೆದಿಟ್ಟ ಲೆಕ್ಕ ಅದು, ಬೇಡ ಅನ್ನೋದು ಹೇಗೆ.

ಬೋರ್ಡೋ, ಅಂದ್ರೆ ಮೈಲುತುತ್ತ ಸುಣ್ಣದ ಔಷಧಿ, ಹೊಡೆಯೋ ಪಂಪಿಗೆ ಒಳಗೆ ಹಿತ್ತಾಳೆನೇ ಆಗ್ಬೇಕು, ಕಬ್ಬಿಣ ಆದ್ರೆ ಮೈಲುತುತ್ತ ತಿಂದುಹಾಕುತ್ತೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಮಿಶ್ರಣ ಸರಿ ಇದೆಯಾ ನೋಡೋಕೆ ಕತ್ತಿ ತುದಿ ಅದ್ದೋದು, ಕೆಂಪಗೆ ತಾಮ್ರ ಹಿಡೀತು ಅಂದ್ರೆ ಸುಣ್ಣ ಸಾಲದು ಅಂತ ಅರ್ಥ. ಇದನ್ನ ನಂಗೆ ಚಿಕ್ಕಂದಿನಲ್ಲಿ ಅಪ್ಪಯ್ಯ ತೋರ್ಸಿದ್ದು, ಇದೇ ಮನೆ ಅಂಗಳದಲ್ಲಿ ಇರ್ಬೇಕು, ಭಟ್ರ ಮನೆ ಕಟ್ಟೆ ನೋಡಿದ ಮೇಲೆ ನೆನಪಾಯ್ತು.

ಆವತ್ತು ಅವರ ಮನೇಲಿ ನೀರಿಲ್ಲ. ಗುಡ್ಡದ ಮೇಲಿನ ಅಬ್ಬಿಯಿಂದ ಪೈಪಲ್ಲಿ ತಾನೇ ಇಳಿದು ಬರೋ ನೀರು, ಮೊದ್ಲು ಅಡಿಕೆ ಮರ ಸೀಳಿದ ದಂಬೆಯಲ್ಲಿ ಬರ್ತಿತ್ತಂತೆ, ಕಪ್ಪು ಪೈಪು ಎಳೆದಿದ್ದು ಅಪ್ಪಯ್ಯ, ಸುಮಾರು ಅರ್ಧ ಕಿಲೋಮೀಟ್ರು. ಎರಡು ದಿನದಿಂದ ನಿಂತುಹೋಗಿದೆ, ಮೇಲೆ ಹೋಗಿ ನೋಡಿದ್ರೆ ಗುಂಡಿಯಲ್ಲಿ ನೀರಿದೆ, ಪೈಪು ಒಡೆದಿಲ್ಲ, ಕಸ ಕಟ್ಟಿಲ್ಲ, ಎಂತ ಅಂತ ಗೊತ್ತಾಗ್ತಿಲ್ಲ ಅಂದ್ರು ಭಟ್ರ ಮಗ. ನಾನು ಇಂಜಿನಿಯರ್ ಅಂತ ಎಲ್ಲರೂ ನನ್ನ ಮುಖ ನೋಡಿದ್ರು.

ಅಮ್ಮ ಒಳಗಿಂದ ಬಂದವಳು ಕೇಳಿದ್ಲು, "ಮಧ್ಯದಲ್ಲಿ ಎಲ್ಲಾದ್ರೂ ಪೈಪು ದಿಣ್ಣೆ ಹತ್ತಿ ಇಳಿಯುತ್ತಾ?" ಹೌದು ಧೂಪದ ಮರದ ಹತ್ರ ಬಂಡೆ ಮೇಲೆ ಹಾಯುತ್ತೆ ಅಂದ್ರು. "ಹಂಗಾದ್ರೆ ಅಲ್ಲಿ ಗಾಳಿ ಹಿಡಿದಿದೆ. ಬೇಸಿಗೇಲಿ ಗುಂಡಿ ನೀರು ಕಮ್ಮಿಯಾಗಿ ಪೈಪಿನ ಬಾಯಿ ಗಾಳಿ ಎಳ್ಕೊಂಡಿರುತ್ತೆ. ಮೊದ್ಲು ಬಾಯಿ ಕೆಳಗೆ ಮಾಡಿ, ಆಮೇಲೆ ಆ ಎತ್ತರದಲ್ಲಿ ಮೊಳೆ ಚುಚ್ಚಿ."

ಎಲ್ಲರೂ ಗುಡ್ಡ ಹತ್ತಿದ್ವಿ, ಅಮ್ಮ ಕೋಲೂರಿಕೊಂಡು ಹಿಂದೆ ಬಂದ್ಲು. ಬಂಡೆ ಮೇಲೆ ಪೈಪಿನ ನೆತ್ತಿಗೆ ಕಾಯಿಸಿದ ಮೊಳೆ ಚುಚ್ಚಿದ್ರು ಭಟ್ರ ಮಗ. ಸುಯ್ಯ್ ಅಂತ ಗಾಳಿ ಬಂತು, ಬಂತು, ಬರ್ತಾನೇ ಇತ್ತು, ಹಾವಿನ ಬುಸುಗುಟ್ಟು ಇದ್ದಂಗೆ, ನಡುವೆ ಒಂದೆರಡು ಹನಿ ಉಗುಳ್ತು, ಮತ್ತೆ ಗಾಳಿ, ಆಮೇಲೆ ಇದ್ದಕ್ಕಿದ್ದಂತೆ ಸಣ್ಣ ದಾರದಂಥ ನೀರು ಮೇಲೆ ಚಿಮ್ಮಿ ಅಮ್ಮನ ಕನ್ನಡಕದ ಮೇಲೆ ಬಿತ್ತು. ಪೈಪು ಕೈಗೆ ತಣ್ಣಗಾಗೋಕೆ ಶುರುವಾಯ್ತು. ಅಮ್ಮ ಕಡ್ಡಿ ಚೂಪು ಮಾಡಿಸಿ ತೂತಿಗೆ ಹೊಡೆಸಿ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಕಟ್ಟಿಸಿದ್ಲು, "ಮುಂದಿನ ಸಲ ಕಡ್ಡಿ ಎಳೆದ್ರೆ ಸಾಕು" ಅಂತ.

ಯಾರು ಹೇಳ್ಕೊಟ್ರು ಅಮ್ಮ ಅಂದೆ ಇಳಿಯೋವಾಗ. "ಬ್ಯಾಟರಿ ಹಿಡ್ಕೊಂಡು ಪಕ್ಕದಲ್ಲಿ ನಿಂತಿರ್ತಿದ್ನಲ್ಲ ಮಗಾ, ನಲವತ್ತು ವರ್ಷ. ಅವರಿಗೆ ಕೆಲ್ಸ ಮಾಡ್ತಾ ಮಾತಾಡೋ ಅಭ್ಯಾಸ." ನಂಗೆ ಗೊತ್ತಿದ್ದ ಅಪ್ಪಯ್ಯ ಮನೇಲಿ ಮಾತೇ ಆಡ್ತಿರ್ಲಿಲ್ಲ. ಊಟ, ನಿದ್ದೆ, ಗಾಡಿ. ಕೆಲ್ಸದ ಹತ್ರ ಹೋಗಿ ನಿಂತಿದ್ರೆ ಮಾತು ಸಿಗ್ತಿತ್ತು ಅಂತ ನಂಗೆ ಅಷ್ಟು ವರ್ಷ ಹೊಳೀಲೇ ಇಲ್ಲ. ಇದನ್ನ ಬರೆಯೋವಾಗ್ಲೂ ಗಂಟಲು ಕಟ್ತಿದೆ.

ರಾತ್ರಿ ಭಟ್ರ ಮನೇಲೇ ಊಟ, ಮಾವಿನಹಣ್ಣಿನ ಸಾಸಿವೆ, ಒಂದೆಲಗದ ತಂಬುಳಿ. ಬಚ್ಚಲಲ್ಲಿ ನೀರು ಬೀಳೋ ಸದ್ದು ಕೇಳ್ತಾ ಮಲ್ಕೊಂಡ್ವಿ.

ಮೂರನೇ ದಿನ, ಹೊಸನಗರ

ತೀರ್ಥಹಳ್ಳಿಗೆ ವಾಪಸ್ ಬಂದು ಹೊಸನಗರದ ದಾರಿ. ಬಿದನೂರು ನಗರದ ಕೋಟೆ ಹತ್ತಿದ್ವಿ, ಕೆಳದಿ ನಾಯಕರ ರಾಜಧಾನಿ ಆಗಿದ್ದು, 1763ರಲ್ಲಿ ಹೈದರಾಲಿ ಕೈಗೆ ಹೋಯ್ತು. ಬಿಸಿಲಿತ್ತು, ಬೇಗ ಇಳಿದ್ವಿ.

ಮೇಷ್ಟ್ರ ಮನೆಗೆ ಬೀಗ. ಪಕ್ಕದ ಮನೆಯೋರು ಹೇಳಿದ್ರು, ಮೇಷ್ಟ್ರು ಹೋದ ಮಳೆಗಾಲದಲ್ಲಿ ತೀರ್ಕೊಂಡ್ರು, ಅವರ ಹೆಂಡ್ತಿ ಮಗಳ ಹತ್ರ ಬೆಂಗಳೂರಲ್ಲಿದಾರೆ. ನಂಬರ್ ಇಸ್ಕೊಂಡು ಅಂಗಳದಲ್ಲೇ ನಿಂತು ಫೋನ್ ಮಾಡಿದ್ವಿ. ಅಮ್ಮ ನಮಗೆ ಗೊತ್ತೇ ಇರ್ಲಿಲ್ಲ ಅಕ್ಕಾ ಅಂದ್ಲು, ಆ ಕಡೆಯಿಂದ ಅವರೂ ನಮಗೂ ಅಷ್ಟೇ ಅಂದ್ರು. ಆಮೇಲೆ ರೇಡಿಯೋ ವಿಷಯ ಹೇಳಿದ್ವಿ.

"ಅದು ಸರಿಯಾಗಿದ್ದು ಯಾವಾಗ ತಂಗಿ? ಇವರು ವರ್ಷಕ್ಕೆರಡು ಸಲ ಅದನ್ನ ಕೆಡಿಸಿಟ್ಕೊಂಡು ನಿಮ್ಮನೆಯೋರಿಗೆ ಹೇಳಿ ಕಳಿಸೋರು. ಬಂದ್ರೆ ಇಡೀ ದಿನ ಜಗುಲೀಲಿ ಇಬ್ರೂ ಅದನ್ನ ಬಿಚ್ಚಿ ಹರಡ್ಕೊಂಡು ಕೂತಿರೋರು. ಭದ್ರಾವತಿ ಸ್ಟೇಷನ್ ಹಿಡಿದ್ರೆ ಸಾಕು ಅನ್ನೋರು, ಹಿಡಿದ ಮೇಲೂ ಎದ್ದು ಹೋಗ್ತಿರ್ಲಿಲ್ಲ. ನೀವೇ ಇಟ್ಕೊಳ್ಳಿ ಅದನ್ನ."

ರೇಡಿಯೋನ ಓಮ್ನಿಯಲ್ಲಿ ಅಮ್ಮ ತೊಡೆ ಮೇಲಿಟ್ಕೊಂಡ್ಲು. ಸಾಗರಕ್ಕೆ ಹೋಗಿ ಲಾಡ್ಜಲ್ಲಿ ಉಳಿದ್ವಿ. ಆವತ್ತು ಇಬ್ರೂ ಹೆಚ್ಚು ಮಾತಾಡ್ಲಿಲ್ಲ.

ನಾಲ್ಕನೇ ದಿನ, ಸಾಗರ, ಮಡೆನೂರು ಡ್ಯಾಮು, ಮನೆ

ಕೊಡೋ ಸಾಮಾನೆಲ್ಲ ಮುಗಿದಿತ್ತು, ಸೀದಾ ಶಿವಮೊಗ್ಗಕ್ಕೆ ಹೋಗ್ಬಹುದಿತ್ತು. ಅಮ್ಮನೇ ಹೇಳಿದ್ದು, "ನಿಮ್ಮಪ್ಪಯ್ಯನ ಊರು ನೋಡ್ಬೇಕು" ಅಂತ. ನೋಡೋಕೆ ಊರಿಲ್ಲ. ಅಪ್ಪಯ್ಯ ಹುಟ್ಟಿದ್ದು ಶರಾವತಿ ದಂಡೆಯ ಒಂದು ಹಳ್ಳೀಲಿ, 1956ರಲ್ಲಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯ್ತು, ಹಳ್ಳಿ ಮುಳುಗ್ತು. ಮನೆ ಸಾಮಾನು, ದನಕರು, ಮನುಷ್ಯರು ಎಲ್ಲ ಲಾರಿಯಲ್ಲಿ ಹೇರಿ ಶಿವಮೊಗ್ಗ ತಾಲೂಕಿನ ಕಾಡಂಚಲ್ಲಿ ಇಳಿಸಿದ್ರಂತೆ. ಅಜ್ಜ ಮನೆ ಹೆಬ್ಬಾಗಿಲು ಕಿತ್ತು ಲಾರಿಗೆ ಹಾಕಿದ್ರು, ಗೋಡೆ ಆಗೋವರೆಗೆ ಆ ಬಾಗಿಲು ಮರಕ್ಕೆ ಒರಗಿಸಿದ್ದು ಹಾಗೇ ನಿಂತಿತ್ತು ಅಂತ ಅಪ್ಪಯ್ಯ ಒಂದೇ ಒಂದು ಸಲ ಹೇಳಿದ್ರು.

ಅವರ ಊರು ಮುಳುಗಿದ್ದು ಕರೆಂಟಿಗೆ, ಶರಾವತಿ ಪವರ್ ಹೌಸಿನ ಹತ್ತು ಮಷೀನು, ಒಂದೊಂದು 103.5, ಒಟ್ಟು 1035 ಮೆಗಾವ್ಯಾಟು ಅಂತ ಮಗ್ಗಿ ಥರ ಹೇಳೋರು. ಅವರನ್ನ ಇಳಿಸಿದ ಜಾಗಕ್ಕೆ ಕರೆಂಟು ಬಂದಿದ್ದು ಅಪ್ಪಯ್ಯನ ಮದುವೆ ಆದ್ಮೇಲೆ. ಅಮ್ಮ ಬುಡ್ಡಿದೀಪದ ಮನೆಗೇ ಬಂದ ಸೊಸೆ. ಕಂಬ ಬಂದ ವರ್ಷ ಕೇರಿಯ ಅಷ್ಟೂ ಮನೆ ವೈರಿಂಗ್ ಮಾಡಿದ್ದು ಅಪ್ಪಯ್ಯ. ಬೇಸಿಗೆ ಸಂಜೆ ವೋಲ್ಟೇಜ್ ಇಲ್ದೆ ಮೋಟ್ರು ಗುಂಯ್‌ಗುಡ್ತಾ ಕರೆಂಟ್ ಜಾಸ್ತಿ ಎಳ್ಕೊಂಡು ಸುಡುತ್ತಲ್ಲ, ಅದನ್ನ ಬಿಚ್ಚೋವಾಗ ಒಂದೊಂದು ಸುತ್ತೂ ಎಣಿಸಿ ಡೈರೀಲಿ ಬರ್ಕೊಂಡು ಅಷ್ಟೇ ಸುತ್ತು ಹೊಸದಾಗಿ ಹಾಕೋರು, ಒಂದು ಸುತ್ತು ಹೆಚ್ಚಿಲ್ಲ ಕಮ್ಮಿ ಇಲ್ಲ.

ಈಗ ಸಿಗಂದೂರಿಗೆ ಸೇತುವೆ ಆಗಿದೆ, ಲಾಂಚಿಗೆ ಕಾಯೋ ಕೆಲ್ಸ ಇಲ್ಲ. ನಾವು ಹೋಗಿದ್ದು ಮಡೆನೂರು ಡ್ಯಾಮಿನ ಕಡೆ. ಲಿಂಗನಮಕ್ಕಿಗೂ ಮುಂಚೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಅದು, ಆಮೇಲೆ ಲಿಂಗನಮಕ್ಕಿ ನೀರಲ್ಲಿ ತಾನೇ ಮುಳುಗಿಹೋಯ್ತು. ಲಿಂಗನಮಕ್ಕಿಯ ಪೂರ್ತಿ ಮಟ್ಟ 1819 ಅಡಿ, ಬೇಸಿಗೇಲಿ ನೀರು ಕೆಳಗಿಳಿದಾಗ ಮಾತ್ರ ಈ ಹಳೇ ಡ್ಯಾಮು ಕಾಣುತ್ತೆ. ಊರವರ ಜೀಪಲ್ಲಿ ಒಡೆದ ಕೆಸರಿನ ಮೇಲೆ ಹೋದ್ವಿ. ಅಲ್ಲಲ್ಲಿ ಮರದ ಬೊಡ್ಡೆ ಕಪ್ಪಗೆ, ಕೊಳೀದೆ ಹಾಗೇ ನಿಂತಿವೆ.

ಆ ಡ್ಯಾಮಿಗೆ ಸೈಫನ್ ಇದೆ. ದುಂಡಗಿನ ದೊಡ್ಡ ಕಾಂಕ್ರೀಟ್ ಕೊಳವೆ, ನೀರು ಒಂದು ಮಟ್ಟ ದಾಟಿದ್ರೆ ಬಾಯೊಳಗೆ ಸುತ್ತುತ್ತಾ ಇಳಿದು ಒಳಗಿನ ಗಾಳಿ ಹೊರಗೆ ತಳ್ಳಿ ತಾನೇ ಎಳೆಯೋಕೆ ಶುರು ಮಾಡುತ್ತೆ, ಮಟ್ಟ ಇಳಿದ್ರೆ ತಾನೇ ನಿಲ್ಲುತ್ತೆ. ಗೇಟ್ ಎತ್ತೋ ಮನುಷ್ಯ ಬೇಡ. ಅಪ್ಪಯ್ಯ ಚಿಕ್ಕವರಿದ್ದಾಗ ಅಜ್ಜನ ಜೊತೆ ಮಳೆಗಾಲದಲ್ಲಿ ಇದರ ಸದ್ದು ಕೇಳೋಕೆ ಬರ್ತಿದ್ರಂತೆ, ಇದೂ ಅಮ್ಮಂಗೆ ಗೊತ್ತು ನಂಗೆ ಗೊತ್ತಿಲ್ಲ. ಯಾವ್ದೋ ಮನೇಲಿ ಟ್ಯಾಂಕಿಂದ ಪೈಪಲ್ಲಿ ನೀರು ಎಳೀತಾ ಹೇಳಿದ್ರಂತೆ.

ಅಮ್ಮ ಕೊಳವೆ ಗೋಡೆಗೆ ಅಂಗೈ ಒತ್ತಿ ಸುಮ್ನೆ ನಿಂತ್ಲು. ನೀರಿನ ಕಡೆ ನೋಡಿ "ಆ ಕಡೆ ಇರ್ಬೇಕು ಮನೆ" ಅಂದ್ಲು. ನಂಗೂ ಹಾಗೇ ಅನ್ನಿಸ್ತು.

ವಾಪಸ್ ಸಾಗರ ಪೇಟೇಲಿ ಹಾರ್ಡ್‌ವೇರ್ ಅಂಗಡಿ ಕಂಡ ಕೂಡ್ಲೆ ಗಾಡಿ ನಿಲ್ಸು ಅಂದ್ಲು. ಅರ್ಧ ಇಂಚು ನಲ್ಲಿಯ ವಾಷರ್ ಎರಡು, ಒಂದು ಥ್ರೆಡ್ ಟೇಪು. 240ರಲ್ಲೇ ಕೊಟ್ಲು.

ಆನಂದಪುರ, ಆಯನೂರು ದಾಟಿ ಶಿವಮೊಗ್ಗ ತಲುಪಿದಾಗ ಎಂಟು ಗಂಟೆ, ಕರೆಂಟಿಲ್ಲ. ಪಾತ್ರೆ ತುಂಬಿ ಚೆಲ್ಲಿ ಅಡುಗೆಮನೆ ನೆಲವೆಲ್ಲ ಒದ್ದೆ. ಶೆಡ್ಡಿಂದ ಅಪ್ಪಯ್ಯನ ಪಾನಾ ತಂದೆ, ಹಿಡಿ ಸವೆದು ಅವರ ಬೆರಳಿನ ಅಚ್ಚು ಬಿದ್ದಿದೆ. ಗೇಟ್ ವಾಲ್ ಬಂದ್ ಮಾಡಿ ನಲ್ಲಿ ಬಿಚ್ಚಿದೆ, ಹಳೇ ವಾಷರ್ ಅರ್ಧ ಹರಿದಿತ್ತು. ಹೊಸದು ಹಾಕಿ ಬಿಗಿ ಮಾಡಿ ನೀರು ಬಿಟ್ಟೆ. ಹನಿ ನಿಂತ್ರೂ ಗೋಡೆ ಕಡೆ ಮರೆಯಿಂದ ಜಿನುಗ್ತಿತ್ತು.

"ಬಿಚ್ಚು. ಟೇಪು ಬಲಕ್ಕೆ ಸುತ್ತು, ನಲ್ಲಿ ತಿರುಗೋ ದಿಕ್ಕಿಗೇ. ಹತ್ತು ಸುತ್ತು" ಅಂದ್ಲು ಅಮ್ಮ. ಸುತ್ತೋಕೆ ಶುರು ಮಾಡಿದೆ. ಅವಳು ಪಕ್ಕದಲ್ಲಿ ಬ್ಯಾಟರಿ ಹಿಡಿದು ನಿಂತಿದ್ಲು, ನನ್ನ ಕೈ ನೆರಳು ಮರೆ ಮೇಲೆ ಬೀಳದ ಹಾಗೆ, ಎಲ್ಲಿ ಬೇಕೋ ಸರಿಯಾಗಿ ಅಲ್ಲಿಗೇ ಬೆಳಕು ಬಿಟ್ಕೊಂಡು.